ಮೂರನೇ ನಂಬರಿಗೆ ಒಂದು ಬಕೆಟ್ ಮರಳು

ಎಗ್ಗರ್ಟನ ಮಾವ ಹಿನ್ರಿಕ್ ಬೋಯೆ ಪ್ರಾಣ ಬಿಟ್ಟದ್ದು ಮೂರನೇ ಕಪ್ಪು ಚಹಾಕ್ಕೆ. ಮನೆಯವರಿಗೆ ಅದು ಗೊತ್ತಾದದ್ದು ನಾಲ್ಕನೆಯದಕ್ಕೆ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ವೆಸ್ಟರ್‌ಫೆನ್ ಊರಿನಲ್ಲಿ ಚಹಾ ಕುಡಿದವರು ಸಾಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಚಮಚವನ್ನು ಕಪ್ಪಿನೊಳಗೆ ಇಟ್ಟರೆ ಸಾಕೆಂದು ಅರ್ಥ. ತಟ್ಟೆಯಲ್ಲೇ ಬಿಟ್ಟರೆ ಇನ್ನೂ ಬೇಕೆಂದು ಅರ್ಥ. ಮಾವನ ಚಮಚ ತಟ್ಟೆಯಲ್ಲೇ ಇತ್ತು. ಕಣ್ಣು ಮಂಜಾಗಿದ್ದ ಗೆಶೆ ಅತ್ತೆ ಬೆರಳಿನಿಂದ ಚಮಚ ತಡವಿ ನೋಡಿ, ಕಲ್ಲುಸಕ್ಕರೆಯ ತುಂಡು ಹಾಕಿ, ಮತ್ತೆ ಹೊಯ್ದರು. ಚಹಾ ಕಪ್ಪು ತುಂಬಿ ತಟ್ಟೆಗಿಳಿಯಿತು, ತಟ್ಟೆಯಿಂದ ಮೇಜಿನ ಬಟ್ಟೆಗೆ, ಬಟ್ಟೆಯಿಂದ ಮಾವನ ತೊಡೆಗೆ. ಬಿಸಿ ಚಹಾ ತೊಡೆಗೆ ಬಿದ್ದರೂ ಬೈಯದೆ ಕೂತ ಹಿನ್ರಿಕ್ ಬೋಯೆಯನ್ನು ಅವರ ಎಂಬತ್ತೆಂಟು ವರ್ಷದಲ್ಲಿ ಆ ಮನೆ ನೋಡಿದ್ದು ಅದೇ ಮೊದಲು. ಆಗಲೇ ಎಲ್ಲರಿಗೂ ಅನುಮಾನ ಬಂದದ್ದು.

ಡಾಕ್ಟರು ಬಂದರು, ಟೋಪಿ ತೆಗೆದರು, ಹೋದರು. ಮಾವನನ್ನೂ ಒಯ್ದರು. ಆದರೆ ಅವರ ಕಪ್ಪು ಮೇಜಿನ ಮೇಲೆಯೇ ಉಳಿಯಿತು. ದಿನಾ ಮಧ್ಯಾಹ್ನ ಅತ್ತೆ ಅದಕ್ಕೆ ಚಹಾ ಹೊಯ್ಯುತ್ತಿದ್ದರು, ಸಂಜೆ ಚೆಲ್ಲುತ್ತಿದ್ದರು.

"ಅಮ್ಮಾ, ಅಪ್ಪ ಹೋದ್ರು ಕಣಮ್ಮ," ಎಂದಳು ಮಗಳು ಫ್ರೌಕೆ, ಎಂದರೆ ಎಗ್ಗರ್ಟನ ಹೆಂಡತಿ.

"ಹೋಗಿರ್ಬೋದು. ಸಾಕು ಅಂದಿಲ್ವಲ್ಲ."

"ಹಾಗಾದ್ರೆ ಚಮಚ ನಾನೇ ಇಟ್ಬಿಡ್ತೀನಿ."

"ಕೈ ಮುಟ್ಟಿದ್ರೆ ನೋಡು! ಅವರ ಚಮಚ, ಅವರ ಬಾಯಿ. ಅವರು ಹೇಳಿದ್ ಕೆಲಸ ಮೊದಲು ಆಗ್ಲಿ. ಅಳಿಯ ಮಾಡ್ತಾನೆ. ಅಲ್ವೇನಪ್ಪಾ ಎಗ್ಗರ್ಟ್?"

ಎಗ್ಗರ್ಟ್ ತಲೆ ಅಲ್ಲಾಡಿಸಿದ. ಅಡ್ಡಡ್ಡವೋ ಉದ್ದುದ್ದವೋ ಅವನಿಗೇ ತಿಳಿಯಲಿಲ್ಲ.

ಮಾವ ಹೇಳಿಹೋಗಿದ್ದ ಕೆಲಸ ಇಷ್ಟೇ: ಅವರನ್ನು ಸುಟ್ಟು, ಬೂದಿಯನ್ನು ಮೂರನೇ ನಂಬರು ಇಂಜಿನ್ನಿನ ಬೆಂಕಿಗೆ ಎಸೆಯಬೇಕು. ಎಲ್ಲೆಂದರಲ್ಲಿ ಅಲ್ಲ, ಪಟ್ಟಣದ ದಾರಿಯಲ್ಲಿ ರೈಲು ಹತ್ತಿಳಿಯುವ ಹಳೆಯ ಸಮುದ್ರದ ಒಡ್ಡಿನ ಏರಿನಲ್ಲಿ. "ಹೊಗೆ ಆಗಿ ಆದ್ರೂ ಒಂದ್ಸಲ ನಿಲ್ದೆ ಆಚೆ ದಾಟ್ತೀನಿ," ಎಂದಿದ್ದರು.

ಇಲ್ಲಿ ಮೂರನೇ ನಂಬರಿನ ಚರಿತ್ರೆ ಹೇಳಬೇಕು. ನಾವು ಹೇಳದಿದ್ದರೆ ಎಗ್ಗರ್ಟ್ ಹೇಳುತ್ತಾನೆ, ಅವನು ಶುರು ಮಾಡಿದರೆ ಕೊನೆಯ ಬಸ್ಸು ತಪ್ಪುತ್ತದೆ. ವೆಸ್ಟರ್‌ಫೆನ್‌ನಿಂದ ನಾರ್ಡರ್‌ಸೀಲ್ ಪಟ್ಟಣಕ್ಕೆ ಹಿಂದೆ ಒಂದು ಖಾಸಗಿ ರೈಲಿತ್ತು. ಒಬ್ಬ ಬೆಣ್ಣೆ ಡೈರಿಯವನು, ಒಬ್ಬ ಇಟ್ಟಿಗೆ ಗೂಡಿನವನು, ಒಬ್ಬ ಪಾದ್ರಿ ಸೇರಿ ಕಟ್ಟಿದ ಕಂಪನಿ. ಬೆಣ್ಣೆ, ಇಟ್ಟಿಗೆ, ಆತ್ಮ, ಮೂರನ್ನೂ ಒಂದೇ ದರದಲ್ಲಿ ಸಾಗಿಸುತ್ತಿತ್ತು. ಇಂಜಿನ್ನುಗಳು ಮೂರು, ಒಂದೊಂದಕ್ಕೂ ನಾಲ್ಕೇ ಚಕ್ರ, ಎತ್ತಿನ ಗಾಡಿಗಿಂತ ಚೂರು ದೊಡ್ಡವು. ಒಂದನೇ ನಂಬರು ಮೊದಲ ಮಹಾಯುದ್ಧಕ್ಕೆ ಹೋಗಿ, ಕರಗಿ, ಫಿರಂಗಿ ಗುಂಡಾಯಿತು. ಎರಡನೆಯದು ಬ್ರೇಕು ಹಾಕಲು ಮರೆತ ಒಂದು ದಿನ ತನ್ನಷ್ಟಕ್ಕೆ ಹೊರಟು ಕಾಲುವೆಗಿಳಿಯಿತು. ಕೆಳಗಿನ ಕೆಸರು ಅದನ್ನು ಇನ್ನೂ ವಾಪಸು ಕೊಟ್ಟಿಲ್ಲ. ಉಳಿದದ್ದು ಮೂರನೇ ನಂಬರು. ಊರವರು ಅದನ್ನು ಕಾಫಿ ಗಿರಣಿ ಎನ್ನುತ್ತಿದ್ದರು. ಚಹಾ ಕುಡಿಯುವ ನಾಡಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕಂಪನಿ ಮುಚ್ಚುವವರೆಗೆ ಆ ಗಿರಣಿಯನ್ನು ಓಡಿಸಿದವರು ಹಿನ್ರಿಕ್ ಮಾವ. ಆಮೇಲೆ ಇಂಜಿನ್ನು ಮಕ್ಕಳ ಪಾರ್ಕಿನಲ್ಲಿ ತುಕ್ಕು ಹಿಡಿಯಿತು, ಡ್ರೈವರು ಅಡುಗೆಮನೆಯಲ್ಲಿ. ಬಹಳ ವರ್ಷದ ಮೇಲೆ ಊರಿನ ಉತ್ಸಾಹಿಗಳು ಸಂಘ ಕಟ್ಟಿ ಇಂಜಿನ್ನಿನ ತುಕ್ಕು ಬಿಡಿಸಿದರು. ಡ್ರೈವರ ತುಕ್ಕು ಬಿಡಲಿಲ್ಲ. ಬೇಸಿಗೆಯ ಭಾನುವಾರ ರೈಲು ಮತ್ತೆ ಓಡಿತು. ಮಾವ ಒಂದು ದಿನವೂ ಹೋಗಿ ನೋಡಲಿಲ್ಲ.

ಸಂಘಕ್ಕೆ ಸೇರಿದವನು ಎಗ್ಗರ್ಟ್. ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯುಷ್ಯ ಸವೆಸಿ ನಿವೃತ್ತನಾದವನಿಗೆ ಒಂದೇ ಆಸೆ: ಬೆಂಕಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ ಆಗುವುದು. ಆದರೆ ಸಂಘದ ಫೈರ್‌ಮನ್ ಒಬ್ಬ ಹೆಂಗಸು, ಮಾಂಸದಂಗಡಿಯ ಟೋಮ್ಕೆ. ಅರ್ಧ ಹಂದಿಯನ್ನು ಹೆಗಲ ಮೇಲೆ ಹೊತ್ತು ಸಿಳ್ಳೆ ಹಾಕುತ್ತಾ ನಡೆಯುವವಳು. ಅವಳ ಕೈಯಿಂದ ಸಲಿಕೆ ಕಸಿಯುವ ಗಂಡಸು ಆ ಜಿಲ್ಲೆಯಲ್ಲಿರಲಿಲ್ಲ. ಎಗ್ಗರ್ಟನಿಗೆ ಸಿಕ್ಕಿದ್ದು ಮರಳು. ಹಳಿ ಒದ್ದೆಯಾದರೆ ಚಕ್ರ ಜಾರುತ್ತದೆ. ಆಗ ಡ್ರೈವರು ಒಂದು ಹಿಡಿಕೆ ಎಳೆದರೆ ಇಂಜಿನ್ನಿನ ಬೆನ್ನ ಮೇಲಿನ ಡಬ್ಬದಿಂದ ಒಣ ಮರಳು ಕೊಳವೆಯಲ್ಲಿಳಿದು ಚಕ್ರದ ಮುಂದೆ ಬೀಳುತ್ತದೆ, ಚಕ್ರ ಹಿಡಿದುಕೊಳ್ಳುತ್ತದೆ. ಆ ಮರಳನ್ನು ಒಲೆಯ ಮೇಲೆ ಹುರಿದು, ಜರಡಿ ಹಿಡಿದು, ಬಕೆಟ್ಟಿನಲ್ಲಿ ಹೊತ್ತು, ಏಣಿ ಹತ್ತಿ ಡಬ್ಬಕ್ಕೆ ಸುರಿಯುವುದು ಎಗ್ಗರ್ಟನ ಹುದ್ದೆ. ಸಂಘದಲ್ಲಿ ಅವನು ಮರಳು ಎಗ್ಗರ್ಟ್. ಹಿಂದಿನಿಂದ ಒಂದು ಕೊಂಬು ಹೆಚ್ಚಿಗೆ ಸೇರಿಸಿ ಮರುಳು ಎಗ್ಗರ್ಟ್.

ಇದನ್ನು ಮಾವನ ಮುಂದೆ ಹೇಳುವುದು ಹೇಗೆ? "ಅಂಚೆಯವನಿಗೆ ಇಂಜಿನ್ನಲ್ಲಿ ಏನ್ ಕೆಲಸ? ಸ್ಟಾಂಪ್ ಅಂಟ್ಸೋಕಾ?" ಎಂದು ಮೊದಲ ದಿನವೇ ಕೇಳಿದ್ದ ಮನುಷ್ಯ ಅವರು. ಆದ್ದರಿಂದ ಎಗ್ಗರ್ಟ್ ಪ್ರತಿ ಭಾನುವಾರ ಮನೆಗೆ ಬರುವ ಮುಂಚೆ ಶೆಡ್ಡಿನ ಹಿಂದೆ ನಿಂತು ಕೆನ್ನೆಗೆ ಕಪ್ಪು ಬೂಟ್ ಪಾಲಿಶ್ ಸವರಿಕೊಳ್ಳುತ್ತಿದ್ದ. ಮಾನ ಉಳಿಸಿಕೊಳ್ಳಲು ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಂಡ ಗಂಡಸು ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು. "ಇವತ್ತು ಬೆಂಕಿ ಮಾತೇ ಕೇಳ್ಲಿಲ್ಲ ಮಾವ, ಭುಜ ಬಿದ್ದೋಯ್ತು," ಎಂದು ಕುರ್ಚಿಗೆ ಒರಗುತ್ತಿದ್ದ. ಮಾವ ಮೂಗು ಎತ್ತಿ ಒಮ್ಮೆ ಗಾಳಿ ಎಳೆದುಕೊಂಡು, ಏನೂ ಅನ್ನದೆ ಚಹಾಕ್ಕೆ ಬಾಗುತ್ತಿದ್ದರು. ಫ್ರೌಕೆಗೆ ಎಲ್ಲ ಗೊತ್ತಿತ್ತು. ದಿಂಬಿನ ಚೀಲ ಒಗೆಯುವವಳು ಅವಳೇ.

ಈಗ ಆ ಪಾಲಿಶಿನ ಬಡ್ಡಿ ಕಟ್ಟುವ ದಿನ ಬಂದಿತ್ತು.

"ಅತ್ತೆ, ನಾನೇನೋ ರೆಡಿ," ಎಂದು ಎಗ್ಗರ್ಟ್ ಶುರು ಮಾಡಿದ. "ಆದ್ರೆ ಕಾನೂನು ಅಂತ ಒಂದಿದೆ ನೋಡಿ. ನಮ್ಮಲ್ಲಿ ಬೂದಿನ ಸ್ಮಶಾನದಲ್ಲೇ ಹೂಳ್ಬೇಕು. ಮನೆಗೂ ಕೊಡಲ್ಲ. ಬೂದಿಗೂ ಒಂದು ವಿಳಾಸ ಇರ್ಬೇಕು ಅನ್ನೋದು ನ್ಯಾಯಾನೇ. ಸುಮ್ನೆ ಅಲ್ಲೇ ಒಂದು ಒಳ್ಳೇ ಜಾಗ ನೋಡಿ..."

ಗೆಶೆ ಅತ್ತೆ ಮಾವನ ಕಪ್ಪಿನ ತಣ್ಣಗಾದ ಚಹಾವನ್ನು ಬಚ್ಚಲಿಗೆ ಚೆಲ್ಲಿ ಬಂದು ಕೂತರು.

"ಓಕೊ ಗೊತ್ತಲ್ಲ ನಿಂಗೆ?"

ಗೊತ್ತಿತ್ತು, ಗೋಡೆಯ ಮೇಲಿನ ಫೋಟೊದಷ್ಟು ಗೊತ್ತಿತ್ತು. ಫ್ರೌಕೆ ಹುಟ್ಟುವ ಮೊದಲೇ ಸತ್ತ ಅಣ್ಣ. ಆ ಫೋಟೊದ ಬಗ್ಗೆ ಆ ಮನೆಯಲ್ಲಿ ಮಾತಿರಲಿಲ್ಲ.

"ಗಂಟಲು ಕಟ್ಟಿ ಉಸಿರೇ ಆಡ್ತಿರ್ಲಿಲ್ಲ ಮಗೂಗೆ. ನವೆಂಬರ್ ತಿಂಗ್ಳು, ರಸ್ತೆ ಎಲ್ಲ ನೀರು. ಪಟ್ಟಣದ ಆಸ್ಪತ್ರೆಗೆ ಹೋಗೋಕೆ ಇದ್ದಿದ್ದು ರೈಲೊಂದೇ. ಇವ್ರೇ ಓಡಿಸ್ತಿದ್ರು. ನಾನು ಮಗೂನ ಎತ್ಕೊಂಡು ಹಿಂದಿನ ಡಬ್ಬೀಲಿ. ಒಡ್ಡಿನ ಏರಿಗೆ ಬಂತು, ಎಲೆ ಬಿದ್ದು ಹಳಿ ಎಲ್ಲ ಲೋಳೆ. ಜಾರ್ತು. ಇವ್ರು ಮರಳಿನ ಹಿಡಿಕೆ ಎಳೆದ್ರು. ಡಬ್ಬದಲ್ಲಿ ಒಂದು ಕಾಳು ಮರಳಿಲ್ಲ. ಆ ತಿಂಗಳು ಕಂಪನಿಯೋರು ಮರಳಿನ ಖರ್ಚು ಉಳಿಸಿದ್ರಂತೆ. ಜನ ಎಲ್ಲ ಇಳಿದು ಮಣ್ಣು ಹಾಕಿದ್ರು, ಸಗಣಿ ಹಾಕಿದ್ರು, ಡೈರಿ ಸಾಹುಕಾರ ತನ್ನ ಕೋಟು ಹಾಕ್ದ. ಹತ್ತೋದು, ಜಾರೋದು. ಹತ್ತೋದು, ಜಾರೋದು. ಆಮೇಲೆ ಹತ್ತಿತು." ಅತ್ತೆ ಮೇಜಿನ ಬಟ್ಟೆಯ ಸುಕ್ಕು ನೇರ ಮಾಡಿದರು. "ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ ಅಂದ್ರು ಡಾಕ್ಟರು."

ಎಗ್ಗರ್ಟ್ ಕಾನೂನಿನ ವಿಷಯ ಮತ್ತೆ ಎತ್ತಲಿಲ್ಲ.

ಗಡಿಯಾಚೆ ಹಾಲೆಂಡಿನಲ್ಲಿ ಸುಟ್ಟರೆ ಬೂದಿಯನ್ನು ಮನೆಯವರ ಕೈಗೇ ಕೊಡುತ್ತಾರೆ. ಗಡಿ ಜಿಲ್ಲೆಯವರಿಗೆಲ್ಲ ಗೊತ್ತಿರುವ, ಯಾರೂ ಹೇಳದ ಗುಟ್ಟು. ಮಾವ ಹಾಗೆ ಹೋಗಿ ಹಾಗೆ ಬಂದರು. ಬರುವಾಗ ಫ್ರೌಕೆಯ ಪಕ್ಕದ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು ಬಂದರು. ಬದುಕಿದ್ದಾಗ ಒಂದು ದಿನವೂ ಬೆಲ್ಟು ಹಾಕಿದವರಲ್ಲ. ಅತ್ತೆ ಅವರನ್ನು ಹಳೆಯ ದೊಡ್ಡ ಚಹಾ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಮೇಜಿನ ಮೇಲೆ ಅವರ ಕಪ್ಪಿನ ಮುಂದೆಯೇ ಇಟ್ಟರು.

ಪಕ್ಕದ ಮನೆಯ ಹಿಲ್ಕೆ ಬೇಲಿಯ ಮೇಲಿನಿಂದ ಇಷ್ಟು ದಿನ ಲೆಕ್ಕ ಹಾಕುತ್ತಿದ್ದಳು. ಸಾವು ಆಯಿತು, ಸಾವಿನ ಚಹಾ ಆಯಿತು, ಸಮಾಧಿ ಎಲ್ಲಿ? ಇಂಜಿನ್ನು, ಬೆಂಕಿ ಎಂಬ ಮಾತೂ ಬೇಲಿ ದಾಟಿ ಅವಳ ಕಿವಿಗೆ ಬಿದ್ದಿತ್ತು. ಅವಳು ಚಾಡಿ ಹೇಳುವವಳಲ್ಲ. ಪುರಸಭೆಗೆ ಬೇರೆ ಕೆಲಸಕ್ಕೆ ಹೋಗಿದ್ದವಳು, ಅಲ್ಲಿ ಊರಿನ ನಿಯಮ ಮುರಿದವರನ್ನು ಹಿಡಿಯುವ ಶಿಸ್ತು ವಿಭಾಗದ ಸಾಹೇಬರ ಬಾಗಿಲು ತೆರೆದಿತ್ತೆಂದು, ಗಾಳಿಗೆ ಮಾತಾಡಿದಳು, ಅಷ್ಟೇ.

ಮಾರನೆಯ ದಿನ ಹೈಂಡ್ಲ್ ಸಾಹೇಬರು ಬಂದರು. ದಕ್ಷಿಣದ ಬೆಟ್ಟಸೀಮೆಯಿಂದ ವರ್ಗವಾಗಿ ಬಂದವರು. ಈ ಚಪ್ಪಟೆ ನಾಡನ್ನು ಯಾರೋ ಇಸ್ತ್ರಿ ಮಾಡಿ ಮರೆತುಹೋಗಿದ್ದಾರೆ ಎಂಬುದು ಅವರ ಅಭಿಪ್ರಾಯ.

"ಮೊಯಿನ್," ಎಂದರು ಅತ್ತೆ. ಆ ಊರಲ್ಲಿ ಬೆಳಿಗ್ಗೆಯೂ ಸಂಜೆಯೂ ಬಂದರೂ ಹೋದರೂ ಅದೊಂದೇ ಮಾತು. "ಕೂತ್ಕೊಳಿ. ಚಹಾ ಆಗ್ತಾ ಇದೆ."

"ಚಹಾ ಬೇಡಮ್ಮ. ನಿಮ್ಮ ಯಜಮಾನ್ರು ಎಲ್ಲಿದಾರೆ?"

"ಸತ್ತೋದ್ರು."

"ಅದು ಗೊತ್ತು. ಸತ್ ಮೇಲೆ ಎಲ್ಲಿದಾರೆ?"

ಅತ್ತೆ ಹೊಯ್ದರು. ಸಾಹೇಬರು ಮರ್ಯಾದೆಗೆ ಕುಡಿದರು, ಚಮಚ ತಟ್ಟೆಯಲ್ಲಿಟ್ಟರು. ಅತ್ತೆ ಮತ್ತೆ ಹೊಯ್ದರು.

"ಹಾಲೆಂಡಲ್ಲಿ ಸುಟ್ಟದ್ದು ಅಂತ ಸುದ್ದಿ," ಎಂದರು ಸಾಹೇಬರು ಕುಡಿಯುತ್ತಾ. "ಬೂದಿ ಅಲ್ಲೇ ಇದ್ರೆ ನಂಗೇನೂ ಇಲ್ಲ. ಗಡಿ ದಾಟಿ ಬಂದಿದ್ರೆ ನಮ್ಮ ಸ್ಮಶಾನಕ್ಕೆ ಬರ್ಬೇಕು. ಮನೇಲಿಟ್ಕೊಂಡ್ರೆ ಜಪ್ತಿ ಮಾಡ್ಬೇಕಾಗತ್ತೆ. ಸಾಕು ಸಾಕಮ್ಮ."

ಬಾಯಿ ಸಾಕೆಂದಿತು, ಚಮಚ ಬೇಕೆಂದಿತು. ವೆಸ್ಟರ್‌ಫೆನ್‌ನಲ್ಲಿ ಚಮಚದ ಮಾತೇ ನಡೆಯುವುದು. ಅತ್ತೆ ಮತ್ತೆ ಹೊಯ್ದರು. ಎಗ್ಗರ್ಟನ ಕಣ್ಣು ಮೇಜಿನ ಮೇಲಿನ ಡಬ್ಬಿಯಿಂದ ಕದಲಲಿಲ್ಲ. ಸಾಹೇಬರ ಕಣ್ಣೂ ಅಲ್ಲಿಗೇ ಹೋಯಿತು.

"ಚಹಾ ಚೆನ್ನಾಗಿದೆ. ಅದೇ ಡಬ್ಬೀದಾ?"

"ಅಯ್ಯೋ ಅದಲ್ಲ," ಎಂದರು ಅತ್ತೆ. "ಅದು ಹಳೇದು. ಮೊದ್ಲಿಂದ್ಲೂ ಸ್ವಲ್ಪ ಒಗರು. ನಂಗೆ ಅಭ್ಯಾಸ ಆಗಿದೆ, ಹೊರಗಿನೋರಿಗೆ ಆಗಲ್ಲ."

ಫ್ರೌಕೆ ಕೆಮ್ಮುತ್ತಾ ಹಿತ್ತಿಲಿಗೆ ಓಡಿದಳು. ಸಾಹೇಬರು ವಿಚಾರಣೆ ಮುಂದುವರಿಸಿದರು, ಅತ್ತೆ ಹೊಯ್ಯುವುದನ್ನು ಮುಂದುವರಿಸಿದರು. ಒಂಬತ್ತನೇ ಕಪ್ಪಿಗೆ ಸಾಹೇಬರು ಮಾತು ನಿಲ್ಲಿಸಿ, ಕಾಲು ಜೋಡಿಸಿ, ಬಾಗಿಲು ನೋಡಿದರು. ಹತ್ತನೆಯದು ಬೀಳುವ ಹೊತ್ತಿಗೆ ಎದ್ದುನಿಂತು, "ನಾನು... ಭಾನುವಾರ ಸ್ಟೇಷನ್ನಿಗೆ ಬರ್ತೀನಿ! ಇಂಜಿನ್ ತಪಾಸಣೆ! ಎಲ್ಲಾ ನೋಡ್ತೀನಿ!" ಎಂದು ಕೂಗಿ, ಕಾನೂನಿಗಿಂತ ತುರ್ತಾದ ಕರೆಗೆ ಓಗೊಟ್ಟು ಹೊರಟರು.

"ಒಳ್ಳೇ ಮನುಷ್ಯ. ಕೊಟ್ಟದ್ದೆಲ್ಲಾ ಕುಡೀತಾನೆ," ಎಂದರು ಅತ್ತೆ.

ಭಾನುವಾರವೇ ಈ ವರ್ಷದ ಮೊದಲ ಓಟ. ಎಗ್ಗರ್ಟ್ ಬೇರೆ ದಾರಿ ಕಾಣದೆ ಮಾಂಸದಂಗಡಿಗೆ ಹೋದ. ಟೋಮ್ಕೆ ಕತ್ತಿ ಮಸೆಯುತ್ತಿದ್ದಳು.

"ಟೋಮ್ಕೆ, ಒಂದೇ ಒಂದು ದಿನ. ಒಡ್ಡಿನ ಏರಲ್ಲಿ ಮಾತ್ರ. ಸಲಿಕೆ ನಂಗೆ ಕೊಡ್ತೀಯಾ?"

"ನಿಂಗೆ ಹುಷಾರಿಲ್ವಾ?"

"ಒಂದು ಸಲಿಕೆ ಅಷ್ಟೇ."

"ಹೋದ್ ವರ್ಷ ಒಂದು ಸಲಿಕೆ ಅಂತ ಕೊಟ್ಟಿದ್ದಕ್ಕೆ ಬೆಂಕಿಗೆ ಸಲಿಕೇನೇ ಹಾಕ್ದೆ ನೀನು. ಏನ್ ವಿಷಯ ಹೇಳು, ಅರ್ಧ ಕಿಲೊ ಸಾಸೇಜ್ ತಗೊಳ್ದೆ ಇಲ್ಲಿಗೆ ಬರೋನಲ್ಲ ನೀನು."

ಎಗ್ಗರ್ಟ್ ಹೇಳಿದ. ಪಾಲಿಶಿನ ಭಾಗ ಬಿಟ್ಟು ಎಲ್ಲ ಹೇಳಿದ. ಓಕೊನ ಹೆಸರು ಬಂದಾಗ ಟೋಮ್ಕೆ ಕತ್ತಿ ಕೆಳಗಿಟ್ಟಳು. ಅವಳ ಅಜ್ಜ ಆ ದಿನ ಹಳಿಗೆ ಮಣ್ಣು ಹಾಕಿದವರಲ್ಲಿ ಒಬ್ಬ.

"ನೀನು ಎಸೆಯೋದ್ ಬೇಡ, ನಾನು ಎಸೀತೀನಿ. ನಿನ್ನ ಮರಳು ಬಕೆಟ್ಟಲ್ಲೇ ತಗೊಂಬಾ, ಯಾರ್ಗೂ ಅನುಮಾನ ಬರಲ್ಲ. ನೀನು ಬಕೆಟ್ ಇಲ್ದೆ ಬಂದ್ರೇನೇ ಜನ ತಿರುಗಿ ನೋಡೋದು. ಮೇಲೊಂದು ಹಿಡಿ ಮರಳು ಉದುರ್ಸಿರು. ಡ್ರೈವರ್ ಸಾಹೇಬ್ರಿಗೆ ಹೇಳ್ಬೇಡ. ಹಲ್ಲಿನ ಡಾಕ್ಟ್ರು ಅವ್ರು, ಇಂಜಿನ್ ಬಾಯಿಗೆ ಏನು ಹೋದ್ರೂ ಹೆದರ್ತಾರೆ."

ಇಷ್ಟು ಸರಳವಾದ ಯೋಜನೆಯನ್ನು ಕೆಡಿಸಲು ಪ್ರತಿಭೆ ಬೇಕು. ಎಗ್ಗರ್ಟನಲ್ಲಿ ಅದಿತ್ತು.

ಭಾನುವಾರ ಬೆಳಗಿನಿಂದಲೇ ಸಮುದ್ರದ ಕಡೆಯಿಂದ ಹನಿ ಉದುರುತ್ತಿತ್ತು. ಗೆಶೆ ಅತ್ತೆ ಕಪ್ಪು ಕೋಟು ತೊಟ್ಟು, ಬುಟ್ಟಿಯಲ್ಲಿ ಫ್ಲಾಸ್ಕು, ಕಪ್ಪುಗಳು, ಅವುಗಳಲ್ಲಿ ಮಾವನದೂ ಒಂದು ಇಟ್ಟುಕೊಂಡು, ಫ್ರೌಕೆಯ ಕೈ ಹಿಡಿದು ರೈಲಿನ ಡಬ್ಬಿಯೊಳಗೆ ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ಮಂಜಾದರೂ ಹೊಗೆ ಕಾಣುತ್ತದೆ ಎಂದಿದ್ದರು. ಎಗ್ಗರ್ಟ್ ಎರಡೂ ಕೈಯಲ್ಲಿ ಬಕೆಟ್ಟು ಅಪ್ಪಿಕೊಂಡು, ಕುದಿಯುವ ಹಾಲಿನ ಪಾತ್ರೆ ಹಿಡಿದವನಂತೆ ಪ್ಲಾಟ್‌ಫಾರ್ಮಿನ ಮೇಲೆ ನಡೆದು ಬಂದ. ಬೇರೆ ದಿನ ಒಂದೇ ಕೈಯಲ್ಲಿ ಬೀಸಿಕೊಂಡು ಬರುತ್ತಿದ್ದ.

"ನಿಲ್ಲಿ," ಎಂದರು ಹೈಂಡ್ಲ್ ಸಾಹೇಬರು ಕಂಬದ ಹಿಂದಿನಿಂದ ಬಂದು. "ಏನದು?"

"ಮ... ಮರಳು."

"ಮರಳನ್ನ ಯಾರಾದ್ರೂ ಹೀಗೆ ಹಿಡ್ಕೋತಾರಾ?" ಸಾಹೇಬರು ಬಗ್ಗಿ ನೋಡಿದರು. ಮೇಲಿನ ಹಿಡಿ ಮರಳು ದಾರಿಯಲ್ಲಿ ಒಂದು ಪಕ್ಕಕ್ಕೆ ಸರಿದಿತ್ತು. "ಇದು ಬೂದು ಬಣ್ಣ ಇದೆ."

"ಹಳೇ... ಹಳೇ ಮರಳು."

"ಮರಳಿಗೆ ವಯಸ್ಸು ಬೇರೆ!"

"ಎಂಬತ್ತೆಂಟು," ಎಂದುಬಿಟ್ಟ ಎಗ್ಗರ್ಟ್. ಅಂಚೆ ಕಚೇರಿಯಲ್ಲಿ ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಟ್ಟ ಅಭ್ಯಾಸ. "ಅಂದ್ರೆ... ಅಷ್ಟು ಜರಡಿ ಹಿಡಿದಿದೀನಿ."

ಅಷ್ಟರಲ್ಲಿ ಪ್ರಯಾಣಿಕರು ಸುತ್ತ ನೆರೆದರು. ಹಿಲ್ಕೆ ಮುಂದಿನ ಸಾಲಿನಲ್ಲಿದ್ದಳು. ಅವಳು ಗಾಳಿ ಸೇವನೆಗೆ ಬಂದಿದ್ದಳು. ಡ್ರೈವರು ರೆಂಕೆನ್ ಇಂಜಿನ್ನಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. "ಸಾಹೇಬ್ರೆ, ಅವ್ರು ನಮ್ಮ ಮರಳಿನೋರು. ಅದೇ ಅವ್ರ ಕೆಲಸ. ಬೇರೆ ಏನೂ ಬರಲ್ಲ ಪಾಪ."

ಎಗ್ಗರ್ಟ್ ತಿರುಗಿ ನೋಡಿದ. ಅತ್ತೆಯ ಕಿಟಕಿ ದೂರವಿತ್ತು. ಕೇಳಿಸಿರಲಿಕ್ಕಿಲ್ಲ.

"ಹಾಗೋ? ಮರಳಾದ್ರೆ ಒಳ್ಳೇದಾಯ್ತು," ಎಂದರು ಹೈಂಡ್ಲ್ ಸಾಹೇಬರು, ಮುಖದಲ್ಲಿ ಕೋಳಿ ಕಂಡ ನರಿಯ ಸಂತೋಷ ತಂದುಕೊಂಡು. "ಹತ್ತಿ, ಡಬ್ಬಕ್ಕೆ ಸುರೀರಿ. ನಾನು ಏಣಿ ಹಿಡ್ಕೋತೀನಿ. ಮರಳಲ್ದೆ ಬೇರೆ ಏನಾದ್ರೂ ಆಗಿದ್ರೆ ಈಗ್ಲೇ ಹೇಳ್ಬಿಡಿ, ಸ್ಮಶಾನದಲ್ಲಿ ಜಾಗ ಕಾದಿದೆ."

ಎಗ್ಗರ್ಟ್ ಟೋಮ್ಕೆಯನ್ನು ನೋಡಿದ. ಅವಳು ಬೆಂಕಿಯ ಬಾಗಿಲು ತೆರೆದುಕೊಂಡು ಈ ಕಡೆ ಬೆನ್ನು ಹಾಕಿದ್ದಳು. ಅತ್ತೆಯ ಕಿಟಕಿ ನೋಡಿದ. ಬಕೆಟ್ಟು ನೋಡಿದ. ಸಾಹೇಬರ ಕೈಗೆ ಕೊಟ್ಟರೆ ಮಾವ ಸ್ಮಶಾನಕ್ಕೆ, ಸಾಲು ಮತ್ತು ಸಂಖ್ಯೆಯ ಕಲ್ಲಿನ ಕೆಳಗೆ, ನಿಂತಲ್ಲೇ ನಿಂತುಬಿಡುತ್ತಾರೆ. ಏಣಿ ಹತ್ತಿದ. ಡಬ್ಬದ ಮುಚ್ಚಳ ತೆಗೆದ.

ಡಬ್ಬ ಖಾಲಿಯಿತ್ತು.

ಬೂದಿಯ ಚಿಂತೆಯಲ್ಲಿ ಅವನು ಈ ವಾರ ಮರಳು ಹುರಿದಿರಲಿಲ್ಲ, ಜರಡಿ ಹಿಡಿದಿರಲಿಲ್ಲ, ತುಂಬಿರಲಿಲ್ಲ. ಜೀವನದಲ್ಲಿ ಇದ್ದ ಒಂದೇ ಕೆಲಸವನ್ನು ಮರೆತಿದ್ದ. ಹಳಿಯ ಮೇಲೆ ಹನಿ ಬೀಳುತ್ತಿತ್ತು.

"ಏನ್ ಕಾಯ್ತಿದೀರಿ? ಮುಹೂರ್ತಾನಾ?" ಎಂದು ಕೆಳಗಿನಿಂದ ಕೂಗಿದರು ಸಾಹೇಬರು.

"ಮಾವ, ತಪ್ಪಾಯ್ತು," ಎಂದು ಗೊಣಗಿ ಎಗ್ಗರ್ಟ್ ಬಕೆಟ್ಟು ಬಗ್ಗಿಸಿದ. ಮಾವ ಸರಸರನೆ ಇಳಿದರು. ಗಾಳಿ ಒಂದು ಚಿಟಿಕೆ ಎತ್ತಿಕೊಂಡು ಹೋಗಿ ಸಾಹೇಬರ ಮೀಸೆಗೆ ಸವರಿತು.

"ಆಕ್ಷಿ! ತುಂಬಾ ನಯವಾದ ಮರಳು," ಎಂದರು ಸಾಹೇಬರು ಮೀಸೆ ಒರೆಸಿಕೊಳ್ಳುತ್ತಾ. "ನನ್ನದೇ ತಪ್ಪು ತಿಳುವಳಿಕೆ. ಹೆಂಡ್ತಿ ಅಪ್ಪನ್ನ ಯಾವನಾದ್ರೂ ಹೀಗೆ ಸುರೀತಾನಾ?"

ಹಿಲ್ಕೆ ನಿರಾಶೆಯಿಂದ ತನ್ನ ಸೀಟು ಹುಡುಕಿಕೊಂಡು ಹೋದಳು. ಟೋಮ್ಕೆ ಇಂಜಿನ್ನಿನಿಂದ ಬಗ್ಗಿ ಪಿಸುಗುಟ್ಟಿದಳು. "ಎಲ್ಲೋ ಅವ್ರು? ಬಕೆಟ್ ಕೊಡು."

ಎಗ್ಗರ್ಟ್ ಬೆರಳು ಮೇಲೆ ತೋರಿಸಿದ.

"ಅದು ಗೊತ್ತು ಮಾರಾಯ, ದೇವ್ರು ಒಳ್ಳೇದ್ ಮಾಡ್ಲಿ. ಬೂದಿ ಎಲ್ಲಿ?"

"ಮೇಲೇ ಇದಾರೆ. ಮರಳು ಡಬ್ಬದಲ್ಲಿ."

ಟೋಮ್ಕೆ ಅವನನ್ನು ನೋಡಿದಳು. ಅರ್ಧ ಹಂದಿ ಹೊತ್ತಾಗಲೂ ಅವಳ ಮುಖ ಅಷ್ಟು ಭಾರವಾಗಿರಲಿಲ್ಲ. ಆಗ ರೆಂಕೆನ್ ಸೀಟಿ ಹಾಕಿದರು. ರೈಲು ಹೊರಟಿತು.

ಎಗ್ಗರ್ಟನಿಗೆ ಅತ್ತೆಯ ಎದುರು ಕೂರುವಂತಿರಲಿಲ್ಲ. ಅವರ ಲೆಕ್ಕದಲ್ಲಿ ಅವನು ಇಂಜಿನ್ನಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದಾನೆ. ಅದಕ್ಕೆ ಖಾಲಿ ಬಕೆಟ್ಟು ಹಿಡಿದು ಇಂಜಿನ್ನಿನ ಹಿಂದೆಯೇ ಇದ್ದ ಡಬ್ಬಿಯ ತೆರೆದ ಮೆಟ್ಟಿಲ ಮೇಲೆ ನಿಂತ. ಹೈಂಡ್ಲ್ ಸಾಹೇಬರೂ ಅಲ್ಲಿಗೇ ಬಂದರು. ತಪ್ಪಾಗಿ ಅನುಮಾನಿಸಿದ ಮನುಷ್ಯನ ಮೇಲೆ ಅವರಿಗೆ ಅಕ್ಕರೆ ಹುಟ್ಟಿತ್ತು.

"ಆ ಪ್ರಸಿದ್ಧ ಏರು ಎಲ್ರೀ?"

"ಅದೇ ಸರ್, ಎದುರಿಗೆ."

ಹಳೆಯ ಸಮುದ್ರದ ಒಡ್ಡು. ಇತ್ತ ಹುಲ್ಲುಗಾವಲು, ಅತ್ತ ಪಟ್ಟಣ, ಮಧ್ಯೆ ಹಸು ಮಲಗಿದಷ್ಟು ಎತ್ತರದ ಮಣ್ಣಿನ ಗುಡ್ಡೆ. ಊರವರು ಅದಕ್ಕೆ ಆಲ್ಪ್ಸ್ ಎನ್ನುತ್ತಿದ್ದರು.

"ಇದಾ?" ಸಾಹೇಬರು ಕಣ್ಣೀರು ಬರುವಷ್ಟು ನಕ್ಕರು. "ನಮ್ಮೂರಲ್ಲಿ ಇದಕ್ಕಿಂತ ಎತ್ತರದ ಹೊಸಿಲು ಇರತ್ತೆ ಸ್ವಾಮಿ! ಇದನ್ನ ಹತ್ತೋಕೆ..."

ಚಕ್ರ ಜಾರಿತು.

ಮೂರನೇ ನಂಬರು ಅರ್ಧ ಏರಿನಲ್ಲಿ ಸಿಟ್ಟಿಗೆದ್ದ ಮುದುಕಿಯಂತೆ ಬುಸುಗುಟ್ಟಿ, ನಿಂತಲ್ಲೇ ಗಿರಗಿರ ಚಕ್ರ ತಿರುಗಿಸಿ, ಒಂದು ಮಾರು ಹಿಂದಕ್ಕೆ ಬಂತು. ಡಬ್ಬಿಯೊಳಗೆ ಮಕ್ಕಳು ಹೋ ಎಂದರು. ಗೆಶೆ ಅತ್ತೆ ಕಿಟಕಿಯ ಚೌಕಟ್ಟು ಹಿಡಿದುಕೊಂಡದ್ದು ಎಗ್ಗರ್ಟನಿಗೆ ಕಂಡಿತು. ಅವರ ಇನ್ನೊಂದು ಕೈ ಮಡಿಲಲ್ಲಿ ಏನನ್ನೋ ಅಪ್ಪಿಕೊಂಡಂತಿತ್ತು. ಮಡಿಲಲ್ಲಿದ್ದದ್ದು ಬುಟ್ಟಿ ಅಷ್ಟೇ. ಮತ್ತೆ ಹತ್ತಿತು, ಮತ್ತೆ ಜಾರಿತು.

"ಮರಳು!" ಎಂದು ಕೂಗಿದರು ರೆಂಕೆನ್, ಹಿಡಿಕೆ ಎಳೆಯುತ್ತಾ. "ಬೀಳ್ತಾ ಇಲ್ಲ! ಎಗ್ಗರ್ಟ್! ಡಬ್ಬ ತುಂಬಿದ್ಯೋ ಇಲ್ವೋ?"

ಎಗ್ಗರ್ಟ್ ಜಿಗಿದ. ಅವನು ಯೋಚನೆ ಮಾಡಿ ಜಿಗಿದನೆಂದು ಯಾರೂ ತಿಳಿಯಬಾರದು. ಕೊಳವೆಯ ಬಾಯಿಗೆ ಚಳಿಗಾಲದ ತೇವ ಕಟ್ಟಿಕೊಂಡಿದ್ದರೆ ತಟ್ಟಬೇಕು ಎಂಬುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಹಬೆಯ ನಡುವೆ ನುಗ್ಗಿ ಖಾಲಿ ಬಕೆಟ್ಟಿನಿಂದ ಕೊಳವೆಗೆ ಢಣಢಣ ಬಡಿದ.

"ಇಳೀರಿ ಮಾವ! ಇಳೀರಿ! ಇದೊಂದ್ಸಲ ನನ್ನ ಮಾತು ಕೇಳಿ! ಇಳೀರಿ!"

"ಯಾರಿಗ್ರೀ ಹೇಳ್ತಿದೀರಿ?" ಎಂದರು ಸಾಹೇಬರು ಮೆಟ್ಟಿಲಿನಿಂದ.

"ಮರಳಿಗೆ!"

ಕೊಳವೆ ಕೆಮ್ಮಿತು. ಚಕ್ರದ ಮುಂದೆ, ಒದ್ದೆ ಹಳಿಯ ಮೇಲೆ, ಬೂದು ಬಿಳಿಯ ಗೆರೆಯೊಂದು ಬಿತ್ತು. ಚಕ್ರ ಕರಕರ ಎಂದಿತು, ನಡುಗಿತು, ಹಿಡಿಯಿತು. ಮೂರನೇ ನಂಬರು ಮೇಲಕ್ಕೆ ಹೊರಟಿತು. ಅದರ ಚಿಮಣಿಯಿಂದ ಟೋಮ್ಕೆ ಎಸೆದ ಕಲ್ಲಿದ್ದಲಿನ ಕರಿ ಹೊಗೆ ಎದ್ದು ಎಗ್ಗರ್ಟನ ಮುಖಕ್ಕೇ ಕವಿಯಿತು. ಕಣ್ಣು ತೆರೆದಾಗ ರೈಲಿನ ಕೊನೆಯ ಡಬ್ಬಿ ಒಡ್ಡಿನ ನೆತ್ತಿ ದಾಟಿ ಆಚೆ ಇಳಿಯುತ್ತಿತ್ತು. ಎಲ್ಲೂ ನಿಂತಿರಲಿಲ್ಲ. ಅವನನ್ನು ಹತ್ತಿಸಿಕೊಳ್ಳಲೂ ನಿಂತಿರಲಿಲ್ಲ.

ಎಗ್ಗರ್ಟ್ ಏರಿನ ಮೇಲೆ ನಡೆದ. ಹಳಿಯ ಮೇಲೆ ಹಿಟ್ಟಿನಂತೆ ಅರೆದ ಗೆರೆ, ಹನಿ ಬಿದ್ದು ಕರಗುತ್ತಿತ್ತು. ಅವನು ಹಳಿ ತುಳಿಯದೆ ಪಕ್ಕದ ಹುಲ್ಲಿನಲ್ಲಿ, ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಡೆದ.

ನಾರ್ಡರ್‌ಸೀಲ್ ಸ್ಟೇಷನ್ನಿನ ಕಾಯುವ ಕೋಣೆ ಮುಟ್ಟುವ ಹೊತ್ತಿಗೆ ಚಹಾ ನಡೆದಿತ್ತು. ಅತ್ತೆ, ಫ್ರೌಕೆ, ಟೋಮ್ಕೆ ಬೆಂಚಿನ ಮೇಲೆ. ಎದುರಿಗೆ ಕೈ ಬೀಸುತ್ತಾ ಹೈಂಡ್ಲ್ ಸಾಹೇಬರು.

"ನಾನೇ ಅಮ್ಮ ಹಾಕ್ಸಿದ್ದು! ನಿಮ್ಮ ಅಳಿಯ ಬಕೆಟ್ ಹಿಡ್ಕೊಂಡು ನಿಂತಿದ್ರು, ಸುರಿಯೋ ಲಕ್ಷಣಾನೇ ಇರ್ಲಿಲ್ಲ. ಸುರಿದ ಸದ್ದಿಗೇ ಗೊತ್ತಾಯ್ತು, ಡಬ್ಬ ಪೂರ್ತಿ ಖಾಲಿ! ನಾನು ಏಣಿ ಹತ್ಸಿ, ಸುರೀರಿ ಅಂತ ಗದರಿಸ್ದೆ. ಪೂರಾ ಬಕೆಟ್ಟು, ಒಂದು ಕಾಳು ಬಿಡದ ಹಾಗೆ. ಇಲ್ದಿದ್ರೆ ಈಗ್ಲೂ ಅಲ್ಲೇ ಇರ್ತಿದ್ವಿ."

ಫ್ರೌಕೆ ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟಳು. ಟೋಮ್ಕೆ ತನ್ನ ಬೂಟು ನೋಡುತ್ತಿದ್ದಳು. ಗೆಶೆ ಅತ್ತೆ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಎಗ್ಗರ್ಟ್, ಕೈಯಲ್ಲಿ ಬಕೆಟ್ಟು, ಮುಖವೆಲ್ಲ ಕಪ್ಪು.

"ಹತ್ರ ಬಾ," ಎಂದರು ಅತ್ತೆ.

ಹೋದ. ಅತ್ತೆ ಮೂಗು ಎತ್ತಿ ಗಾಳಿ ಎಳೆದುಕೊಂಡರು, ಥೇಟ್ ಮಾವನ ಹಾಗೆ.

"ಇವತ್ತು ಪಾಲಿಶ್ ವಾಸನೆ ಇಲ್ಲ."

"ಅತ್ತೆ... ನಿಮಗೆ..."

"ಅವರಿಗೂ ಗೊತ್ತಿತ್ತು. ಒಳ್ಳೇ ಕಂಪನಿ ಪಾಲಿಶು, ಅಷ್ಟಾದ್ರೂ ಖರ್ಚು ಮಾಡ್ತಾನೆ ಅಂತಿದ್ರು."

"ಗೊತ್ತಿದ್ದೂ ಅಪ್ಪನ್ನ ಇವ್ನ ಕೈಗೆ ಯಾಕಮ್ಮ ಕೊಟ್ಟೆ?" ಎಂದು ಫ್ರೌಕೆ ಅಳುತ್ತಾ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು.

"ಮನೇಲಿ ಇನ್ಯಾರಿದ್ರು?"

ಅತ್ತೆ ಬಕೆಟ್ಟಿನೊಳಗೆ ಕೈ ಹಾಕಿ ತಳ ತಡವಿದರು. ಬೆರಳಿಗೆ ಹತ್ತಿದ್ದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಎಗ್ಗರ್ಟ್ ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದ. ಅಂಚೆ ಕಚೇರಿಯಲ್ಲಿ ಅದಕ್ಕೆ ಕಿಟಕಿಯಿರಲಿಲ್ಲ.

"ಸಾಹೇಬ್ರೆ," ಎಂದರು ಅತ್ತೆ, ಅವನನ್ನು ಬಿಟ್ಟು ಆ ಕಡೆ ತಿರುಗಿ. "ಎಲ್ಲೀವರೆಗೆ ಬಿತ್ತು ಮರಳು? ಸರಿಯಾಗಿ ನೋಡಿದ್ರಾ?"

"ನೋಡ್ದೆ ಏನಮ್ಮ! ಜಾರಿದ ಜಾಗದಿಂದ ನೆತ್ತಿವರೆಗೂ, ಎಳೆದ ಗೆರೆ ಹಾಗೆ. ಅಲ್ಲಿಂದಾಚೆ ಇಳಿಜಾರು, ಬೇಕಾಗೇ ಇಲ್ಲ."

"ಜಾರಿದ ಜಾಗದಿಂದ."

"ಹೂಂ ಅಮ್ಮ. ಅಲ್ಲಿಂದಲೇ."

ಗೆಶೆ ಅತ್ತೆ ಬುಟ್ಟಿಯಿಂದ ಮಾವನ ಕಪ್ಪು ತೆಗೆದು ಬೆಂಚಿನ ಮೇಲಿಟ್ಟರು. ಕಲ್ಲುಸಕ್ಕರೆ ಹಾಕಿ ಹೊಯ್ದರು. ಸಕ್ಕರೆ ಚಟಪಟ ಒಡೆಯುವ ಸದ್ದು ನಿಲ್ಲುವವರೆಗೆ ಕಾದರು.

"ಹಾಗಾದ್ರೆ ಈ ಸಲ ಮರಳಿತ್ತು," ಎಂದರು.

ಮಾವನ ಚಮಚವನ್ನು ಎತ್ತಿ, ಕಪ್ಪು ಕೋಟಿನ ತುದಿಯಿಂದ ಒರೆಸಿ, ಕಪ್ಪಿನೊಳಗೆ ಇಟ್ಟರು.

ಹೈಂಡ್ಲ್ ಸಾಹೇಬರು ಆ ಚಮಚವನ್ನು ನೋಡಿದರು, ತಮ್ಮ ತಟ್ಟೆಯಲ್ಲಿದ್ದ ಚಮಚವನ್ನು ನೋಡಿದರು, ಏನೋ ಹೊಳೆದವರಂತೆ ಅದನ್ನೆತ್ತಿಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಅತ್ತೆ ಅವರ ಕಪ್ಪು ತುಂಬಿಸಿಯಾಗಿತ್ತು.